ಕುಸ್ತಿನಾ, ಜೂಡೋನಾ, ಜುಜಿತ್ಸುನಾ? ಹೊಸದಾಗಿ ಸೇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದನ್ನೆಲ್ಲ ಹೇಳೋಕೆ ನೀವ್ಯಾರು?

ಪೈಲ್ವಾನ ಅಂತೂ ಅಲ್ಲ. ನಮ್ಮ ತಾತ ದಾವಣಗೆರೆಯಲ್ಲಿ ಗರಡಿಗೆ ಹೋಗುತ್ತಿದ್ದರು. ನಾನು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಬೆನ್ನು ಬಗ್ಗಿಸಿಕೊಂಡು ಕೂತವನು. ಮೂವತ್ತನಾಲ್ಕನೇ ವಯಸ್ಸಿಗೆ ಶುರು ಮಾಡಿದೆ. ಒಂದು ಕಡೆ ಭುಜ ಕೆಡಿಸಿಕೊಂಡೆ, ಇನ್ನೊಂದು ಕಡೆ ದುಡ್ಡು ಕಳೆದುಕೊಂಡೆ, ಮೂರನೇ ಕಡೆ ನಿಂತೆ. ಈಗ ಆರು ವರ್ಷ ಆಯ್ತು. ಮ್ಯಾಟಿನ ಮೇಲೆ ಉಜ್ಜಿ ಉಜ್ಜಿ ನನ್ನ ಎಡಗಿವಿ ಸ್ವಲ್ಪ ಊದಿ ಗಟ್ಟಿಯಾಗಿದೆ, ಅದನ್ನು ನೋಡಿ ಆಫೀಸಿನವರು, ನೆಂಟರು, ಒಮ್ಮೆ ಬ್ಯಾಂಕಿನ ಕ್ಯಾಷಿಯರ್ ಕೂಡ ಮಾತಿಗಿಳಿದಿದ್ದಾರೆ. ಕೇಳುವುದು ಅದೇ ಹತ್ತು ಹದಿನೈದು ಪ್ರಶ್ನೆ. ಪ್ರತಿ ಸಲ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಲ್ಲದರಲ್ಲೂ ಹಿಡಿದು ಬೀಳಿಸೋದು ತಾನೇ? ವ್ಯತ್ಯಾಸ ಏನು?

ಎಲ್ಲರೂ ಇತಿಹಾಸದಿಂದ ಶುರು ಮಾಡುತ್ತಾರೆ. ನಾನು ಬೆನ್ನಿನಿಂದ ಶುರು ಮಾಡುತ್ತೇನೆ. ಒಬ್ಬ ಮನುಷ್ಯ ಬಿದ್ದ ಮೇಲೆ ಯಾವ ಕಡೆ ತಿರುಗುತ್ತಾನೆ ಅಂತ ನೋಡಿ, ಅವನು ಎಲ್ಲಿ ಕಲಿತವನು ಅಂತ ಹೇಳಿಬಿಡಬಹುದು.

ಕುಸ್ತಿಯವನು ಪ್ರಾಣ ಹೋದರೂ ಬೆನ್ನು ನೆಲಕ್ಕೆ ಕೊಡುವುದಿಲ್ಲ. ಮಣ್ಣಿನ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಮ್ಯಾಟ್ ಕುಸ್ತಿಯಲ್ಲೂ ಎರಡೂ ಭುಜ ಒಟ್ಟಿಗೆ ಮ್ಯಾಟಿಗೆ ಅಂಟಿದರೆ ಸೋಲು. ಹಾಗಾಗಿ ಅವನು ಬೀಳುತ್ತಲೇ ಹೊಟ್ಟೆ ಕೆಳಗೆ ಮಾಡಿ ಬೋರಲಾಗುತ್ತಾನೆ.

ಬ್ರೆಜಿಲಿಯನ್ ಜುಜಿತ್ಸು, ಅಂದರೆ ಬಿಜೆಜೆಯವನದು ಇದಕ್ಕೆ ಪೂರ್ತಿ ಉಲ್ಟಾ. ಬೆನ್ನು ನೆಲಕ್ಕೆ ತಾಗಿದರೆ ಅವನಿಗೆ ತವರುಮನೆ. ಅಲ್ಲಿಂದಲೇ ಕಾಲುಗಳಲ್ಲಿ ಎದುರಾಳಿಯನ್ನು ಸುತ್ತಿ ಹಿಡಿದು ಆಟ ಶುರು ಮಾಡುತ್ತಾನೆ. ಬೋರಲಾದರೆ ಮಾತ್ರ ಕೆಟ್ಟ, ಯಾಕೆಂದರೆ ಹಿಂದಿನಿಂದ ಬಂದು ಕತ್ತು ಹಿಡಿಯುತ್ತಾರೆ. ಅವರ ಅಂಕಗಳನ್ನೇ ನೋಡಿ: ನಿಂತವನನ್ನು ಬೀಳಿಸಿದರೆ 2, ಕಾಲು ದಾಟಿ ಪಕ್ಕಕ್ಕೆ ಬಂದರೆ 3, ಎದೆ ಮೇಲೆ ಕೂತರೆ ಅಥವಾ ಬೆನ್ನಿಗೆ ಅಂಟಿಕೊಂಡರೆ 4. ಬೀಳಿಸುವುದಕ್ಕೆ ಎಷ್ಟು ಕಡಿಮೆ ಬೆಲೆ ನೋಡಿದ್ರಾ? ನಮ್ಮ ತಾತನಿಗೆ ಇದನ್ನು ಹೇಳಿದ್ದರೆ ನಗುತ್ತಿದ್ದರು.

ಜೂಡೋ ಇವೆರಡರ ನಡುವೆ ಇದೆ. ರಭಸವಾಗಿ, ಹಿಡಿತ ಬಿಡದೆ, ಬೆನ್ನ ಮೇಲೆ ಎಸೆದರೆ ಇಪ್ಪೋನ್, ಅಲ್ಲಿಗೇ ಗೆಲುವು. ಎಸೆತ ಅರೆಬರೆಯಾದರೆ ನೆಲದಲ್ಲಿ 20 ಸೆಕೆಂಡ್ ಒತ್ತಿ ಹಿಡಿದರೂ ಗೆಲುವು. ಕತ್ತು ಒತ್ತುವುದು, ಮೊಣಕೈ ಮಡಿಸುವುದು ಕೂಡ ಇದೆ. ಆದರೆ ನೆಲದ ಆಟಕ್ಕೆ ಸಮಯ ಕಡಿಮೆ, ರೆಫರಿ ಬೇಗ ಎಬ್ಬಿಸುತ್ತಾರೆ.

ಮೂಲ ಕೇಳುವವರಿಗೆ ಎರಡೇ ಸಾಲು. ಜಿಗೊರೊ ಕಾನೊ ಜೂಡೋ ಶುರು ಮಾಡಿದ್ದು 1882ರಲ್ಲಿ, ಟೋಕಿಯೋದ ಒಂದು ದೇವಸ್ಥಾನದ ಜಾಗದಲ್ಲಿ. ಅವರ ಕೊಡೋಕಾನ್ ಶಾಲೆಯಲ್ಲಿ ಕಲಿತ ಮಿತ್ಸುಯೋ ಮಯೇದಾ 1914ರಲ್ಲಿ ಬ್ರೆಜಿಲ್‌ಗೆ ಹೋದರು, ಅಲ್ಲಿ ಮಯೇದಾ ಅವರಿಂದ ಗ್ರೇಸಿ ಮನೆತನದ ಕಾರ್ಲೋಸ್ ಕಲಿತರು, ಮುಂದೆ ಅದೇ ಬಿಜೆಜೆ ಆಯಿತು. ಅಂದರೆ ಜೂಡೋ ಹುಡುಗರು ಮತ್ತು ಬಿಜೆಜೆ ಹುಡುಗರು ಕಾಮೆಂಟ್‌ಗಳಲ್ಲಿ ಕಚ್ಚಾಡುವುದು ದಾಯಾದಿ ಜಗಳ.

ಸರಿ, ಯಾವುದು ಬೆಸ್ಟ್?

ತಪ್ಪು ಪ್ರಶ್ನೆ. ಆದರೂ ಎಲ್ಲರೂ ಇದನ್ನೇ ಮೊದಲು ಕೇಳುತ್ತಾರೆ, ನಾನೂ ಕೇಳಿದ್ದೆ.

1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ, ಅಂದರೆ ಬೇರೆ ಬೇರೆ ಕಲೆಯವರು ಪಂಜರದೊಳಗೆ ಹೊಡೆದಾಡುವ ಸ್ಪರ್ಧೆ, ನಡೆದಾಗ ಅದೇ ಮನೆತನದ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂರು ಜನರನ್ನು ಸೋಲಿಸಿದರು. ಅವತ್ತಿಂದ ಬಿಜೆಜೆಯೇ ಶ್ರೇಷ್ಠ ಅನ್ನುವ ಮಾತು ಓಡಾಡುತ್ತಿದೆ. ಆಮೇಲೆ ಕುಸ್ತಿಯವರು ಬಂದು ಅದೇ ಪಂಜರದಲ್ಲಿ ಮೇಲೆ ಕೂತು ಗೆದ್ದರು. ನಿಮಗೂ ನನಗೂ ಇದರಿಂದ ಏನೂ ಆಗಬೇಕಾಗಿಲ್ಲ. ಮೊದಲ ಆರು ತಿಂಗಳು ನೀವು ಯಾರನ್ನೂ ಬೀಳಿಸುವುದಿಲ್ಲ. ನೀವು ಬೀಳುತ್ತೀರಿ. ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತು ಮೂವತ್ತು ಸಲ, ಯಾರದೋ ಕೈಯಲ್ಲಿ. ಅಂದಮೇಲೆ ಯಾವ ಕಲೆ ಅನ್ನುವುದಕ್ಕಿಂತ ಯಾರ ಕೈ ಅನ್ನುವುದನ್ನು ಮೊದಲು ನೋಡಬೇಕು ಅಲ್ವಾ? ಇಡೀ ಪುಟದಲ್ಲಿ ನಾನು ಬೇರೆ ಬೇರೆ ರೀತಿ ಇದನ್ನೇ ಹೇಳುತ್ತೇನೆ, ಬೇಜಾರಾಗಬೇಡಿ.

ಎರಡೂ ಕಡೆಯ ಜನ ಒಳ್ಳೆಯವರು ಅಂತಾದರೆ ಮಾತ್ರ ರುಚಿ ನೋಡಿ ಆರಿಸಿ. ಎತ್ತಿ ಎಸೆಯುವ ಮಜಾ ಬೇಕಾ, ಜೂಡೋ. ಚೆಸ್ ಥರ ನಿಧಾನವಾಗಿ ಕಟ್ಟಿಹಾಕುವುದು ಇಷ್ಟನಾ, ಬಿಜೆಜೆ. ಉಸಿರು, ಕಾಲು, ಹಠ ಬೆಳೆಯಬೇಕಾ, ಕುಸ್ತಿ.

ನೋಡೋಕೆ ಹೋದಾಗ ಏನು ನೋಡಬೇಕು?

ಮೊದಲನೇ ಸಲ ಹೋಗಿ ಸುಮ್ನೆ ಕೂತು ಒಂದು ಕ್ಲಾಸ್ ಪೂರ್ತಿ ನೋಡಿ. ಬಿಡುವುದಿಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಗೋಡೆ ಮೇಲಿನ ಮೆಡಲ್, ಫೋಟೋ, ಎಸಿ, ಕಾಫಿ ಮಷಿನ್ ನೋಡಬೇಡಿ. ಇಡೀ ಹಾಲ್‌ನಲ್ಲಿ ಅತಿ ಬಲಹೀನ ಯಾರು ಅಂತ ಹುಡುಕಿ. ಹೊಸ ಹುಡುಗ ಇರಬಹುದು, ತೆಳ್ಳಗಿನ ಹುಡುಗಿ ಇರಬಹುದು, ನನ್ನಂಥ ಹೊಟ್ಟೆಯವನಿರಬಹುದು. ಒಂದೂವರೆ ಗಂಟೆ ಅವರ ಮೇಲೇ ಕಣ್ಣಿಡಿ. ಅವರಿಗೆ ಜೋಡಿ ಯಾರು ಸಿಕ್ಕರು? ಕೋಚ್ ನೋಡಿ ಕಟ್ಟಿದರೋ ಅಥವಾ ಉಳಿದವರು ಉಳಿದವರ ಜೊತೆ ಬಿದ್ದರೋ? ಎತ್ತಿ ಹಾಕಿದವನು ಕೈ ಕೊಟ್ಟು ಎಬ್ಬಿಸಿದನೋ ಅಥವಾ ಗೆದ್ದವನ ಹಾಗೆ ಅತ್ತ ತಿರುಗಿದನೋ? ಆ ವ್ಯಕ್ತಿಯ ಜಾಗದಲ್ಲಿ ಮುಂದಿನ ವಾರ ನೀವಿರುತ್ತೀರಿ.

ದಸರಾ ಕುಸ್ತಿ ನೋಡಿದವರಿಗೆ ಜೋಡಿ ಕಟ್ಟುವುದು ಅಂದರೆ ಏನು ಅಂತ ಗೊತ್ತು. ಹಿರಿಯರು ಕೂತು ಇವನಿಗೆ ಇವನು ಸಮ ಅಂತ ಅಳೆದು ತೂಗಿ ಜೋಡಿ ಮಾಡುತ್ತಾರೆ. ಒಳ್ಳೆಯ ಕೋಚ್ ಪ್ರತಿದಿನ ಆ ಕೆಲಸ ಮಾಡುತ್ತಾನೆ. ಕೆಟ್ಟ ಕೋಚ್ 'ಪಾರ್ಟ್ನರ್ ಹುಡುಕಿಕೊಳ್ಳಿ' ಅಂತ ಕೂಗಿ ಫೋನ್ ನೋಡುತ್ತಾನೆ.

ಇನ್ನೊಂದು, ಟ್ಯಾಪ್ ಆದಾಗ ಏನಾಗುತ್ತದೆ ನೋಡಿ. ಟ್ಯಾಪ್ ಅಂದರೆ ಸಾಕು, ಬಿಡು ಅಂತ ಎದುರಾಳಿಯ ಮೈಗೆ ತಟ್ಟುವುದು. ತಟ್ಟಿದ ಕ್ಷಣವೇ ಹಿಡಿತ ಸಡಿಲ ಆಗಬೇಕು. ಕತ್ತಿನ ಎರಡು ಪಕ್ಕದ ರಕ್ತನಾಳ ಸರಿಯಾಗಿ ಒತ್ತಿದರೆ ಹತ್ತು ಸೆಕೆಂಡಿನೊಳಗೆ ಪ್ರಜ್ಞೆ ಹೋಗಬಹುದು, ಹಾಗಾಗಿ ಅರ್ಧ ಸೆಕೆಂಡ್ ತಡ ಮಾಡುವವನೂ ನನಗೆ ಬೇಡ. ತಟ್ಟಿದ ಮೇಲೂ ಒಂದು ಸಲ ಜಗ್ಗಿ ಬಿಡುವ ಹಿರಿಯ ವಿದ್ಯಾರ್ಥಿ ಒಬ್ಬನಿದ್ದು, ಕೋಚ್ ಅದನ್ನು ನೋಡಿಯೂ ಸುಮ್ಮನಿದ್ದರೆ, ಚಪ್ಪಲಿ ಹಾಕಿಕೊಂಡು ಹೊರಡಿ.

ನಗು ಇದೆಯಾ ಅಂತಲೂ ನೋಡಿ. ತಮಾಷೆಗೆ ಹೇಳುತ್ತಿಲ್ಲ.

ಬೀಳೋದನ್ನ ಕಲಿಸೋದು ಅಷ್ಟೊಂದು ಮುಖ್ಯನಾ?

ಎಲ್ಲಕ್ಕಿಂತ ಮುಖ್ಯ. ಜೂಡೋದಲ್ಲಿ ಅದಕ್ಕೆ ಉಕೆಮಿ ಅಂತ ಹೆಸರೇ ಇದೆ. ಗಲ್ಲ ಎದೆಗೆ ಒತ್ತಿ, ಕೈಯಿಂದ ಮ್ಯಾಟಿಗೆ ಬಡಿದು, ತಲೆ ನೆಲಕ್ಕೆ ತಾಗದ ಹಾಗೆ ಬೀಳುವುದು.

ನಾನು ಮೊದಲು ಸೇರಿದ ಜಾಗದಲ್ಲಿ ಇದನ್ನು ಹತ್ತು ನಿಮಿಷ ತೋರಿಸಿ, ಅದೇ ದಿನ ನನ್ನನ್ನು ಬ್ರೌನ್ ಬೆಲ್ಟ್‌ನ ಅನುಭವಿ ಒಬ್ಬರ ಎದುರು ನಿಲ್ಲಿಸಿದರು. ಅವರು ಸೊಂಟಕ್ಕೆ ಹಾಕಿ ಎತ್ತಿದರು. ನಾನು ಎಲ್ಲ ಹೊಸಬರ ಹಾಗೆ ಕೈ ಊರಿದೆ. ಭುಜದ ಹತ್ತಿರ ಟಕ್ ಅಂತು. ಎರಡು ತಿಂಗಳು ಎಡಗೈಯಲ್ಲಿ ಅನ್ನ ಕಲಸಿದ್ದೇನೆ. ಅಮ್ಮ ಈಗಲೂ ಅದನ್ನು ಎತ್ತಿ ಆಡುತ್ತಾರೆ. ತಪ್ಪು ಬ್ರೌನ್ ಬೆಲ್ಟ್‌ನವರದ್ದಲ್ಲ, ನಿಲ್ಲಿಸಿದವರದ್ದು.

ನನ್ನದು ಭುಜಕ್ಕೆ ಹೋಯಿತು. ಜಪಾನಿನ ಶಾಲೆಗಳ ಕಥೆ ಇದಕ್ಕಿಂತ ಕೆಟ್ಟದ್ದು. ಅಲ್ಲಿ 1983ರಿಂದ ಸುಮಾರು ಮೂರು ದಶಕಗಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಶಾಲಾ ಜೂಡೋದಲ್ಲಿ ಸತ್ತರು, ಜಾಸ್ತಿ ಜನ ತಲೆಗೆ ಪೆಟ್ಟಾಗಿ, ಅದರಲ್ಲೂ ಆಗಷ್ಟೇ ಸೇರಿದ ಹೊಸಬರು. ಜೂಡೋ ಹುಟ್ಟಿದ ದೇಶದಲ್ಲೇ ಹೀಗೆ. ಇದನ್ನು ಹೆದರಿಸೋಕೆ ಬರೆದಿಲ್ಲ, ಜೂಡೋ ನನಗೆ ಇಷ್ಟ. ಮೊದಲ ಕೆಲವು ವಾರ ಬರೀ ಬೀಳುವುದನ್ನೇ ಮಾಡಿಸಿ ಬೋರ್ ಹೊಡೆಸುವ ಕೋಚ್ ಸಿಕ್ಕರೆ ಬಿಡಬೇಡಿ ಅಂತ ಹೇಳೋಕೆ ಬರೆದೆ.

ಟ್ರಯಲ್ ಕ್ಲಾಸ್‌ನಲ್ಲಿ ಕೋಚ್ ಹತ್ತಿರ ಏನು ಕೇಳಲಿ?

ಮೂರು ಪ್ರಶ್ನೆ ಸಾಕು. ಹೊಸಬರು ಎಷ್ಟು ದಿನ ಆದ ಮೇಲೆ ಸ್ಪಾರಿಂಗ್, ಅಂದರೆ ಜೋಡಿಯ ಜೊತೆ ನಿಜವಾದ ಸೆಣಸಾಟ, ಮಾಡುತ್ತಾರೆ? ಮ್ಯಾಟ್ ಯಾವಾಗ ತೊಳೆಯುತ್ತೀರಿ? ಇಲ್ಲಿ ಕೊನೆಯದಾಗಿ ಯಾರಿಗೆ ಪೆಟ್ಟಾಯಿತು, ಹೇಗಾಯಿತು?

ಮೂರನೆಯದಕ್ಕೆ 'ನಮ್ಮಲ್ಲಿ ಯಾರಿಗೂ ಪೆಟ್ಟಾಗಲ್ಲ' ಅಂದರೆ ಸುಳ್ಳು. ಎಲ್ಲ ಕಡೆಯೂ ಆಗುತ್ತದೆ. 'ಹೋದ ತಿಂಗಳು ಒಬ್ಬನ ಮೊಣಕಾಲು ತಿರುಚಿತು, ತಪ್ಪು ನಮ್ಮದೇ, ಜಾಗ ಇಕ್ಕಟ್ಟಾಗಿತ್ತು, ಆಮೇಲೆ ಒಂದು ಸಲಕ್ಕೆ ಆರೇ ಜೋಡಿ ಬಿಡ್ತೀವಿ' ಅಂತ ಹೇಳುವವರ ಹತ್ತಿರ ಕಣ್ಣು ಮುಚ್ಚಿ ಸೇರಿ.

ಒಂದು ಪಟ್ಟಿನ ಹೆಸರು ನೆನಪಿಟ್ಟುಕೊಳ್ಳಿ: ಕಾನಿ ಬಸಾಮಿ. ಪಕ್ಕದಿಂದ ಹಾರಿ ಎದುರಿನವನ ಕಾಲುಗಳನ್ನು ಕತ್ತರಿಯ ಹಾಗೆ ಸಿಕ್ಕಿಸಿ ಬೀಳಿಸುವುದು. ಮೊಣಕಾಲು, ಕಣಕಾಲು ಮುರಿಯುತ್ತದೆ ಅಂತ ಜೂಡೋ ಸ್ಪರ್ಧೆಯಲ್ಲಿ ಇದಕ್ಕೆ ನಿಷೇಧ ಇದೆ. ಹೊಸಬರ ಕ್ಲಾಸಿನಲ್ಲಿ ಇದು ನಡೆಯುತ್ತಿದ್ದರೆ ಅಲ್ಲಿ ಯಾರೂ ನೋಡಿಕೊಳ್ಳುತ್ತಿಲ್ಲ ಅಂತ ಅರ್ಥ.

ಗುರುಗಳು ನಿಜವಾಗ್ಲೂ ಕಲಿತವರಾ ಅಂತ ಹೇಗೆ ಗೊತ್ತಾಗುತ್ತೆ?

ಜೂಡೋ ಮತ್ತು ಮ್ಯಾಟ್ ಕುಸ್ತಿಯಲ್ಲಿ ಸುಲಭ. ಪಟಿಯಾಲಾದಲ್ಲಿ 1961ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ, ಎಲ್ಲರೂ ಎನ್‌ಐಎಸ್ ಅಂತಾರೆ. ಅಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿದವರು ಅದನ್ನು ಮುಚ್ಚಿಡುವುದಿಲ್ಲ, ಬೋರ್ಡ್ ಮೇಲೇ ಬರೆಸಿರುತ್ತಾರೆ. ಡಿಪ್ಲೊಮಾ ಇದ್ದರೆ ಒಳ್ಳೆಯ ಮನುಷ್ಯ ಅಂತೇನಿಲ್ಲ, ಪಾಠ ಕ್ರಮವಾಗಿ ಬಂದಿದೆ ಅಂತ ಅಷ್ಟೇ.

ಬಿಜೆಜೆಯಲ್ಲಿ ಪರಂಪರೆ ಕೇಳುತ್ತಾರೆ. ನಿಮಗೆ ಬೆಲ್ಟ್ ಕಟ್ಟಿದವರು ಯಾರು, ಅವರಿಗೆ ಕಟ್ಟಿದವರು ಯಾರು. ನಮ್ಮ ಸಂಗೀತದವರ ಗುರು ಪರಂಪರೆ ಇದ್ದ ಹಾಗೆ. ಈ ಪ್ರಶ್ನೆಗೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೆ ಅಲ್ಲೇ ಅನುಮಾನ ಪಡಿ. ನಮ್ಮ ಕಡೆ ಬ್ಲ್ಯಾಕ್ ಬೆಲ್ಟ್‌ಗಳು ಕಡಿಮೆ, ಎಷ್ಟೋ ಊರಲ್ಲಿ ಅದಕ್ಕಿಂತ ಕೆಳಗಿನ ಬ್ಲೂ ಅಥವಾ ಪರ್ಪಲ್ ಬೆಲ್ಟ್‌ನವರೇ ಕಲಿಸುತ್ತಾರೆ. ಅದು ತಪ್ಪಲ್ಲ. ನಾನು ಬ್ಲೂ ಬೆಲ್ಟ್ ಅಂತ ಬಾಯಿಬಿಟ್ಟು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರೆ ಮೊದಲ ಎರಡು ವರ್ಷಕ್ಕೆ ಧಾರಾಳ ಸಾಕು.

ಕರಾಟೆ, ಕುಂಗ್‌ಫು, ಜುಜಿತ್ಸು, ಯೋಗ, ಜುಂಬಾ ಎಲ್ಲ ಒಂದೇ ಬೋರ್ಡಿನಲ್ಲಿ, ಒಬ್ಬರೇ ಮಾಸ್ಟರ್ ಅಂತ ಇದ್ದರೆ ಏನು ಮಾಡಬೇಕು ಅಂತ ನಾನು ಹೇಳಬೇಕಾಗಿಲ್ಲ.

ಬ್ಲ್ಯಾಕ್ ಬೆಲ್ಟ್ ಎಷ್ಟು ವರ್ಷಕ್ಕೆ ಸಿಗುತ್ತೆ?

ಬಿಜೆಜೆಯಲ್ಲಿ ದೊಡ್ಡವರಿಗೆ ಬಿಳಿ, ನೀಲಿ, ಪರ್ಪಲ್, ಬ್ರೌನ್, ಕಪ್ಪು ಅಂತ ಐದು. ಅವರ ದೊಡ್ಡ ಸಂಸ್ಥೆ ಐಬಿಜೆಜೆಎಫ್ ಲೆಕ್ಕದಲ್ಲಿ ನೀಲಿಯಲ್ಲಿ ಕನಿಷ್ಠ 2 ವರ್ಷ, ಪರ್ಪಲ್‌ನಲ್ಲಿ ಒಂದೂವರೆ, ಬ್ರೌನ್‌ನಲ್ಲಿ 1 ವರ್ಷ ಇರಬೇಕು. ಇದು ಕನಿಷ್ಠ. ಕೆಲಸ, ಮನೆ, ಟ್ರಾಫಿಕ್ ಇರುವವರಿಗೆ ಹತ್ತು ವರ್ಷ ಅಂದುಕೊಳ್ಳಿ. ಜೂಡೋದಲ್ಲಿ ಬೇಗ ಬರುತ್ತದೆ, ಆದರೆ ಅಲ್ಲಿ ಮೊದಲ ಕಪ್ಪು ಬೆಲ್ಟಿನ ಹೆಸರು ಶೋದಾನ್, ಅಂದರೆ ಮೊದಲ ಮೆಟ್ಟಿಲು. ಕುಸ್ತಿಯಲ್ಲಿ ಬೆಲ್ಟೇ ಇಲ್ಲ, ಗೆದ್ದರೆ ಗೊತ್ತಾಗುತ್ತದೆ, ಸೋತರೂ ಗೊತ್ತಾಗುತ್ತದೆ.

ಒಂದು ವರ್ಷಕ್ಕೆ ಕಪ್ಪು ಬೆಲ್ಟ್ ಗ್ಯಾರಂಟಿ ಅಂದವರಿಗೆ ದೂರದಿಂದಲೇ ನಮಸ್ಕಾರ ಹಾಕಿ.

ಗರಡಿ ಮನೆಗೆ ನನ್ನಂಥವರನ್ನ ಸೇರಿಸಿಕೊಳ್ತಾರಾ?

ಇದನ್ನು ಕೇಳುವವರು ಕಡಿಮೆ, ಕೇಳಿದಾಗ ಖುಷಿಯಾಗುತ್ತದೆ. ಮೈಸೂರಿನ ಹಳೇ ಬಡಾವಣೆಗಳಲ್ಲಿ, ದಾವಣಗೆರೆ, ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆ ಇನ್ನೂ ಗರಡಿಗಳಿವೆ. ಬೆಂಗಳೂರಲ್ಲೂ ಪೇಟೆ ಕಡೆ ಹುಡುಕಿದರೆ ಸಿಗುತ್ತವೆ. ಜಾಹೀರಾತು ಇರುವುದಿಲ್ಲ, ಗೂಗಲ್ ಮ್ಯಾಪ್‌ನಲ್ಲಿ ಸ್ಟಾರ್ ಇರುವುದಿಲ್ಲ. ಬೆಳಿಗ್ಗೆ ಐದು ಐದೂವರೆಗೆ ಹೋಗಿ ಬಾಗಿಲಲ್ಲಿ ನಿಂತು ಉಸ್ತಾದರನ್ನು ಕೇಳಬೇಕು, ಅಷ್ಟೇ.

ಒಳಗೆ ಹನುಮಂತನ ಪಟ, ಗೋಡೆಗೆ ಒರಗಿಸಿದ ಗದೆ, ನಡುವೆ ಕೆಮ್ಮಣ್ಣು. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿರುತ್ತಾರೆ. ಮೊದಲ ದಿನ ಕೈಗೆ ಸನಿಕೆ ಕೊಟ್ಟು ಮಣ್ಣು ತಿರುವು ಅನ್ನಬಹುದು. ಅವಮಾನ ಅಂದುಕೊಳ್ಳಬೇಡಿ, ಅದೇ ವಾರ್ಮ್ ಅಪ್, ಅರ್ಧ ಗಂಟೆ ಮಾಡಿ ನೋಡಿ ಸೊಂಟ ಎಲ್ಲಿದೆ ಅಂತ ಗೊತ್ತಾಗುತ್ತದೆ. ಆಮೇಲೆ ದಂಡ, ಬಸ್ಕಿ. ತಿಂಗಳುಗಟ್ಟಲೆ ಅದೇ ನಡೆದರೂ ಆಶ್ಚರ್ಯ ಇಲ್ಲ. ಫೀಸು ಹೆಸರಿಗಷ್ಟೇ, ಕೆಲವು ಕಡೆ ಅದೂ ಇಲ್ಲ.

ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಕಲಿಸುವುದು ಮಾತಿನಲ್ಲಿ ಅಲ್ಲ, ಮೈಯಲ್ಲಿ. ಯಾಕೆ ಹೀಗೆ ಅಂತ ಕೇಳಿದರೆ ಇನ್ನೊಂದು ಸಲ ಬೀಳಿಸಿ ತೋರಿಸುತ್ತಾರೆ. ಬಂದವರಲ್ಲಿ ಮುಕ್ಕಾಲು ಪಾಲು ಹತ್ತನೇ ವಯಸ್ಸಿನಿಂದ ಮಣ್ಣಲ್ಲಿ ಬೆಳೆದವರು. ಎಷ್ಟೋ ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಇವತ್ತಿಗೂ ಪ್ರವೇಶ ಇಲ್ಲ, ಅದು ನನಗೆ ಇಷ್ಟವಿಲ್ಲದ ವಿಷಯ. ಆದರೂ ನಾನು ಮೈಸೂರಿಗೆ ಹೋದಾಗಲೆಲ್ಲ ಒಂದು ಬೆಳಿಗ್ಗೆ ಪರಿಚಯದ ಗರಡಿಗೆ ಹೋಗುತ್ತೇನೆ. ಅರವತ್ತು ದಾಟಿದ ಉಸ್ತಾದರು ಎರಡು ಬೆರಳಲ್ಲಿ ನನ್ನ ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಆರು ವರ್ಷದ ಜುಜಿತ್ಸು ಅಲ್ಲಿ ಲೆಕ್ಕಕ್ಕಿಲ್ಲ.

ಸೇರುವ ಮುಂಚೆ ನೋಡಬೇಕು ಅಂದರೆ ದಸರಾ ಸಮಯದಲ್ಲಿ ಮೈಸೂರಿನ ದೊಡ್ಡಕೆರೆ ಮೈದಾನದ ದೇವರಾಜ ಅರಸು ಅಖಾಡಕ್ಕೆ ಹೋಗಿ. ಮಣ್ಣಿನ ನಾಡಕುಸ್ತಿ, ಮ್ಯಾಟಿನ ಪಾಯಿಂಟ್ ಕುಸ್ತಿ ಎರಡೂ ಸಿಗುತ್ತದೆ. ಅರಮನೆಯ ವಜ್ರಮುಷ್ಟಿ ಕಾಳಗ ಬೇರೆ ವಿಷಯ, ಜಟ್ಟಿಗಳ ತಲೆಯಲ್ಲಿ ರಕ್ತ ಕಂಡ ಕೂಡಲೇ ಮುಗಿಯುತ್ತದೆ. ಅದಕ್ಕೆ ಟ್ರಯಲ್ ಕ್ಲಾಸ್ ಇಲ್ಲ.

ನಾನು ಹೆಣ್ಣುಮಗಳು. ಬರೀ ಗಂಡಸರೇ ಇರೋ ಕಡೆ ಹೇಗೆ?

ಒಲಿಂಪಿಕ್ಸ್‌ಗೇ ಹೆಣ್ಣುಮಕ್ಕಳ ಜೂಡೋ ಅಧಿಕೃತವಾಗಿ ಬಂದಿದ್ದು 1992ರಲ್ಲಿ, ಕುಸ್ತಿ ಬಂದಿದ್ದು 2004ರಲ್ಲಿ. ಅದಾಗಿ ಹನ್ನೆರಡೇ ವರ್ಷಕ್ಕೆ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ನಮ್ಮ ಬೆಳಗಾವಿ ಜಿಲ್ಲೆಯ ಮಲಪ್ರಭಾ ಜಾಧವ್ ಜೂಡೋ ಕಲಿತು, 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಅನ್ನುವ ಅದರ ಸೋದರ ಆಟದಲ್ಲಿ ಕಂಚು ಗೆದ್ದರು. ದಸರಾ ಅಖಾಡದಲ್ಲೂ ಈಗ ಹೆಣ್ಣುಮಕ್ಕಳ ಜೋಡಿಗಳಿರುತ್ತವೆ.

ಆದರೆ ನೀವು ಕೇಳಿದ್ದು ಪದಕದ ಬಗ್ಗೆ ಅಲ್ಲ ಅಂತ ಗೊತ್ತು. ಈ ಉತ್ತರವನ್ನು ನನಗಿಂತ ಚೆನ್ನಾಗಿ ಕೊಡುವವರು ನಮ್ಮ ಕ್ಲಾಸಿನ ಹುಡುಗಿಯರು, ಅವರು ಹೇಳಿದ್ದನ್ನೇ ಬರೆಯುತ್ತೇನೆ. ಒಂದು, ಒಂದು ವರ್ಷಕ್ಕಿಂತ ಜಾಸ್ತಿ ದಿನದಿಂದ ಬರುತ್ತಿರುವ ಹೆಂಗಸು ಒಬ್ಬರಾದರೂ ಇದ್ದಾರಾ ನೋಡಿ. ಬಂದು ಬಂದು ಬಿಟ್ಟುಹೋದವರೇ ಇದ್ದರೆ ಕಾರಣ ಇರುತ್ತದೆ. ಎರಡು, ಅವರ ಜೊತೆ ಕೋಚ್ ಇಲ್ಲದಾಗ ಮಾತಾಡಿ. ಮೂರು, 'ಇವತ್ತು ಇವರ ಜೊತೆ ಬೇಡ' ಅಂತ ಹೇಳಿದರೆ ಕಾರಣ ಕೇಳದೆ ಒಪ್ಪುವ ಜಾಗವಾ ಅಂತ ಮೊದಲ ವಾರವೇ ಒಂದು ಸಲ ಹೇಳಿ ನೋಡಿ. 2023ರಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಪಟುಗಳೇ ಲೈಂಗಿಕ ಕಿರುಕುಳದ ದೂರು ಹೊತ್ತು ಜಂತರ್ ಮಂತರ್‌ನಲ್ಲಿ ಕೂರಬೇಕಾಯಿತು. ಹಾಗಾಗಿ ಸಂಕೋಚ ಬೇಡ, ಕೇಳಬೇಕಾದ್ದನ್ನು ಕೇಳಿ.

ವಯಸ್ಸು ನಲವತ್ತರ ಹತ್ತಿರ. ತಡ ಆಯ್ತಾ?

ಚಾಂಪಿಯನ್ ಆಗೋಕೆ ತಡ ಆಯಿತು. ಉಳಿದದ್ದಕ್ಕೆಲ್ಲ ಸಮಯ ಇದೆ. ಬಿಜೆಜೆ ಶುರುವಿಗೆ ಸ್ವಲ್ಪ ಮೃದು, ನೆಲದ ಮೇಲೇ ಜಾಸ್ತಿ ಹೊತ್ತು ಇರುವುದರಿಂದ ಎತ್ತರದಿಂದ ಬೀಳುವುದು ಕಡಿಮೆ. ಕತ್ತಿನ ಅಥವಾ ಬೆನ್ನಿನ ಡಿಸ್ಕ್ ತೊಂದರೆ, ಬಿಪಿ ಇದ್ದರೆ ಮೊದಲು ಡಾಕ್ಟರನ್ನು ಕೇಳಿ, ಕೋಚ್‌ಗೂ ಹೇಳಿ. ಇಪ್ಪತ್ತು ವರ್ಷದ ಹುಡುಗರ ಜೊತೆ ಹಠಕ್ಕೆ ಬೀಳಬೇಡಿ. 'ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಅನ್ನುವ ಗಾದೆ ನಮ್ಮ ವಯಸ್ಸಿನವರಿಗೇ ಮಾಡಿದ್ದು. ತಟ್ಟುವುದು ಬಿಟ್ಟು ಮೀಸೆ ಕಾಪಾಡಿಕೊಳ್ಳಲು ಹೋದವರ ಮೊಣಕೈ ಎಕ್ಸ್‌ರೇ ನಾನು ನೋಡಿದ್ದೇನೆ.

ಮೊದಲು ತೂಕ ಇಳಿಸಿ ಆಮೇಲೆ ಸೇರ್ತೀನಿ.

ಸೇರುವುದಿಲ್ಲ ನೀವು. ಇವತ್ತೇ ಹೋಗಿ.

ಮಗನನ್ನ ಸೇರಿಸಬೇಕು, ಎಂಟು ವರ್ಷ.

ಆ ವಯಸ್ಸಿಗೆ ಉರುಳುವುದು, ಬೀಳುವುದು, ಎಳೆದಾಡುವುದು, ಆಟ. ಅಷ್ಟೇ ಇರಬೇಕು. ಕೀಲು ತಿರುಚುವ ಪಟ್ಟು, ಕತ್ತು ಒತ್ತುವ ಪಟ್ಟು ಕಲಿಸುವ ಆತುರ ಕಂಡರೆ ಬೇಡ. ಟೂರ್ನಮೆಂಟ್‌ಗೆ ತೂಕ ಇಳಿಸಲು ಮಗುವಿಗೆ ಊಟ, ನೀರು ಬಿಡಿಸುವ ಕೋಚ್ ಆದರೆ ಜಗಳ ಆಡಿಯೇ ಬನ್ನಿ. ಅಪ್ಪ ಅಮ್ಮ ಕೂತು ನೋಡಬಾರದು ಅನ್ನುವ ನಿಯಮ ಇದ್ದರೂ ಬೇಡ. ಇದರಲ್ಲಿ ನನ್ನದು ಸ್ವಲ್ಪ ಅತಿ ಅಂತ ಹೆಂಡತಿ ಹೇಳುತ್ತಾಳೆ, ಇರಲಿ.

ಹುಡುಗ ನಿಜವಾಗಲೂ ಚುರುಕಾಗಿದ್ದು ಕುಸ್ತಿಯಲ್ಲೇ ಮುಂದೆ ಹೋಗಬೇಕು ಅಂದರೆ ರಾಜ್ಯ ಸರ್ಕಾರದ ಕ್ರೀಡಾ ಹಾಸ್ಟೆಲ್‌ಗಳಿವೆ, ದಾವಣಗೆರೆಯದ್ದು ಕುಸ್ತಿಗೆ ಹೆಸರಾದದ್ದು. ಆಯ್ಕೆ ಮಾಡಿ ತೆಗೆದುಕೊಳ್ಳುತ್ತಾರೆ. ನಿಮ್ಮ ಜಿಲ್ಲಾ ಕ್ರೀಡಾ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಒಂದು ವರ್ಷದ ಫೀಸ್ ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಅಂತಾರೆ.

ನನ್ನ ಎರಡನೇ ಜಾಗದ ಕಥೆ ಇದೇ. ಗಾಜಿನ ಗೋಡೆ, ಒಳ್ಳೆ ಹಾಡು, ರಿಸೆಪ್ಷನ್‌ನಲ್ಲಿ ನಗುಮುಖ. ವರ್ಷದ್ದು ಕಟ್ಟಿದೆ. ಮೂರನೇ ತಿಂಗಳು ಕೋಚ್ ಬಿಟ್ಟು ಹೋದರು, ಬದಲಿಗೆ ಜಿಮ್ ಟ್ರೇನರ್ ಒಬ್ಬರು ಫೋನಿನಲ್ಲಿ ವಿಡಿಯೋ ನೋಡಿ ಕಲಿಸಲು ಶುರು ಮಾಡಿದರು. ದುಡ್ಡು ವಾಪಸ್ ಕೇಳಿದರೆ ರಸೀತಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ತೋರಿಸಿದರು. ನಾನು ಓದಿರಲಿಲ್ಲ. ಅದಕ್ಕೇ ಹೇಳುವುದು, ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ. ಡಿಸ್ಕೌಂಟ್ ಹೋದರೆ ಹೋಗಲಿ.

ಖರ್ಚಿನ ಅಂದಾಜು ಕೇಳಿದರೆ, ಸರ್ಕಾರಿ ಸ್ಟೇಡಿಯಂನ ಜೂಡೋ, ಕುಸ್ತಿ ಅಗ್ಗ. ದೊಡ್ಡ ಊರಿನ ಬಿಜೆಜೆ ದುಬಾರಿ, ತಿಂಗಳಿಗೆ ಸಾವಿರಗಳಲ್ಲೇ ಮಾತು. ಮೇಲೆ ಗೀ ಅಂತ ದಪ್ಪ ಬಟ್ಟೆಯ ಅಂಗಿ, ಪ್ಯಾಂಟ್ ಬೇಕು. ಮೊದಲ ತಿಂಗಳು ಕೊಳ್ಳಬೇಡಿ, ಜೇಬು ಜಿಪ್ ಇಲ್ಲದ ಶಾರ್ಟ್ಸ್, ಮೈಗಂಟುವ ಟೀ ಶರ್ಟ್ ಸಾಕು. ನಮ್ಮಿಂದಲೇ, ನಮ್ಮ ಲೋಗೋ ಇರುವುದನ್ನೇ ಮೊದಲ ದಿನವೇ ಕೊಳ್ಳಬೇಕು ಅಂದರೆ ಅವರದು ಬಟ್ಟೆ ವ್ಯಾಪಾರ.

ಗೀ ಹಾಕಿ ಕಲಿಯೋದಾ, ಗೀ ಇಲ್ಲದೆ ಕಲಿಯೋದಾ?

ಹತ್ತಿರದಲ್ಲಿ ಯಾವುದು ಇದೆಯೋ ಅದು. ಬಟ್ಟೆ ಇದ್ದರೆ ಹಿಡಿಯಲು ಕಾಲರ್, ತೋಳು ಸಿಗುತ್ತದೆ, ಆಟ ನಿಧಾನ, ಬೆರಳು ನೋಯುತ್ತವೆ. ಇಲ್ಲದಿದ್ದರೆ ಬೆವರಿಗೆ ಜಾರುತ್ತದೆ, ಆಟ ಜೋರು.

ಮನೆಯಿಂದ ಎಷ್ಟು ದೂರ ಇದ್ರೆ ಪರವಾಗಿಲ್ಲ?

ಬೆಂಗಳೂರಾದರೆ ಕಿಲೋಮೀಟರ್ ಬಿಡಿ, ಸಂಜೆ ಏಳಕ್ಕೆ ಮಳೆ ಬರುವಾಗ ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ. ನಲವತ್ತು ನಿಮಿಷ ದಾಟಿದರೆ ಎರಡನೇ ತಿಂಗಳಿಗೆ ನಿಮಗೆ ಪ್ರತಿ ಸೋಮವಾರ ತಲೆನೋವು ಬರುತ್ತದೆ. ಪಕ್ಕದ ರಸ್ತೆಯ ಸಾಧಾರಣ ಜೂಡೋ ಕ್ಲಾಸ್, ಊರಾಚೆಯ ಭಾರೀ ಬಿಜೆಜೆ ಅಕಾಡೆಮಿಗಿಂತ ಮೇಲು. ಅಲ್ಲಿನ ಜನ ಸರಿ ಇದ್ದರೆ ಮಾತ್ರ, ಅದನ್ನು ಮತ್ತೆ ಹೇಳುತ್ತಿದ್ದೇನೆ.

ಚರ್ಮದ ಕಾಯಿಲೆ ಬರುತ್ತೆ ಅಂತಾರೆ, ನಿಜನಾ?

ನಿಜ. ಹುಳಕಡ್ಡಿ ಎಲ್ಲರಿಗೂ ಒಂದಲ್ಲ ಒಂದು ಸಲ ಬರುತ್ತದೆ. ದುಂಡಗೆ ಕೆಂಪಗೆ ತುರಿಕೆ ಕಂಡ ದಿನವೇ ಕ್ಲಾಸ್ ನಿಲ್ಲಿಸಿ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಕ್ರೀಮ್ ಹಚ್ಚಬೇಡಿ, ಅವುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ, ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗೊಳಗೇ ಹಬ್ಬಿ ತಿಂಗಳುಗಟ್ಟಲೆ ಕಾಡುತ್ತದೆ. ಕೀವು ತುಂಬಿದ ಗುಳ್ಳೆ, ಜ್ವರ ಅಂದರೆ ಇನ್ನೂ ಬೇಗ ಹೋಗಿ.

ಮ್ಯಾಟ್ ದಿನಾ ಒರೆಸಬೇಕು. ಬರಿಗಾಲಲ್ಲಿ ಶೌಚಾಲಯಕ್ಕೆ ಹೋಗಿ ಅದೇ ಕಾಲಲ್ಲಿ ಮ್ಯಾಟ್ ಹತ್ತುವವರನ್ನು ಯಾರೂ ಬಯ್ಯದ ಜಾಗಕ್ಕೆ ಸೇರಬೇಡಿ. ಮನೆಗೆ ಬಂದ ಕೂಡಲೇ ಸ್ನಾನ, ಗೀ ಒಂದು ಸಲ ಹಾಕಿದರೆ ಒಗೆಯಲೇಬೇಕು. ಗಾಳಿಗೆ ಹರವಿ ಮತ್ತೆ ಹಾಕಿಕೊಳ್ಳುವವನು ನಮ್ಮಲ್ಲೂ ಒಬ್ಬನಿದ್ದಾನೆ, ಅವನಿಗೆ ಜೋಡಿ ಸಿಗುವುದಿಲ್ಲ.

ಕಿವಿ ಉಜ್ಜಿ ಉಜ್ಜಿ ಒಳಗೆ ರಕ್ತ ತುಂಬಿ ಊದಿದರೆ ಮೊದಲ ಕೆಲವು ದಿನದಲ್ಲೇ ಡಾಕ್ಟರ್ ಅದನ್ನು ತೆಗೆಯಬೇಕು. ಬಿಟ್ಟರೆ ನನ್ನ ಹಾಗೆ ಗಟ್ಟಿಯಾಗಿ ಉಳಿಯುತ್ತದೆ. ನಾನು ಬಿಟ್ಟಿದ್ದು ಸೋಮಾರಿತನಕ್ಕೆ, ಸ್ಟೈಲಿಗಲ್ಲ.

ಬೀದಿ ಜಗಳಕ್ಕೆ ಯಾವುದು ಉಪಯೋಗ?

ಓಡುವುದು. ಡಾಂಬರು ಮ್ಯಾಟ್ ಅಲ್ಲ, ಎದುರಿನವನಿಗೆ ಸ್ನೇಹಿತರಿರುತ್ತಾರೆ, ಚಾಕು ಇರಬಹುದು. ಇಷ್ಟು ವರ್ಷದಲ್ಲಿ ನನಗೆ ಹೊರಗೆ ಉಪಯೋಗಕ್ಕೆ ಬಂದಿದ್ದು ಬೀಳುವ ವಿದ್ಯೆ ಒಂದೇ, ಮಳೆಗಾಲದಲ್ಲಿ, ಮೆಟ್ರೋ ಮೆಟ್ಟಿಲ ಮೇಲೆ.

ನಮ್ಮೂರಲ್ಲಿ ಯಾವುದೂ ಇಲ್ಲ. ಯೂಟ್ಯೂಬ್ ನೋಡಿ ಕಲೀಬಹುದಾ?

ದಂಡ, ಬಸ್ಕಿ, ಉರುಳುವುದು ಕಲಿಯಬಹುದು. ಗೆಳೆಯನ ಕತ್ತು ಒತ್ತಿ ನೋಡುವುದು ಖಂಡಿತ ಬೇಡ. ಊರ ಜಾತ್ರೆಯಲ್ಲಿ ಕುಸ್ತಿ ನಡೆಯುತ್ತದಾ ವಿಚಾರಿಸಿ. ನಡೆದರೆ ಸುತ್ತಮುತ್ತ ಎಲ್ಲೋ ಒಂದು ಗರಡಿ ಇದ್ದೇ ಇರುತ್ತದೆ, ಪೈಲ್ವಾನರು ಆಕಾಶದಿಂದ ಬರುವುದಿಲ್ಲ.

ಸೇರಿದ ಮೇಲೆ ಇಷ್ಟ ಆಗದಿದ್ರೆ? ಗುರುಗಳಿಗೆ ಹೇಗೆ ಹೇಳೋದು?

ನಾವು ಕನ್ನಡದವರಿಗೆ ಇದೇ ದೊಡ್ಡ ಕಷ್ಟ. ದಾಕ್ಷಿಣ್ಯಕ್ಕೆ ಬಸಿರಾಗೋದು ಅಂತ ಗಾದೆಯೇ ಇದೆ. ನೇರವಾಗಿ ಹೋಗಿ ಹೇಳಿ, 'ಸಾರ್, ನನಗೆ ಹೊಂದುತ್ತಿಲ್ಲ, ಬೇರೆ ಕಡೆ ನೋಡುತ್ತೇನೆ' ಅಂತ. ಒಳ್ಳೆಯವರಾದರೆ ಆ ಬೇರೆ ಕಡೆಯ ನಂಬರ್ ಅವರೇ ಕೊಡುತ್ತಾರೆ. ನನಗೆ ಈಗಿನ ಜಾಗ ಸಿಕ್ಕಿದ್ದೇ ಹಾಗೆ, ನಾನು ಬರೀ ಒಂದು ವಾರ ಹೋಗಿ ಬಿಟ್ಟ ಕುಸ್ತಿ ಕ್ಲಾಸಿನ ಕೋಚ್ ಹೇಳಿ ಕಳಿಸಿದ್ದು. ದ್ರೋಹಿ, ನಿಯತ್ತಿಲ್ಲ ಅಂತೆಲ್ಲ ಶುರು ಮಾಡಿದರೆ ನೀವು ಬಿಟ್ಟಿದ್ದು ಸರಿ ಅಂತ ಅವರೇ ಹೇಳಿದ ಹಾಗಾಯಿತು.

ನಾಳೆ ಟ್ರಯಲ್ ಇದೆ. ಏನೇನು ತಗೊಂಡು ಹೋಗಲಿ?

ನೀರು, ಟವೆಲ್, ಮ್ಯಾಟಿನ ಅಂಚಿನವರೆಗೂ ಹಾಕಿಕೊಂಡು ಹೋಗಲು ಚಪ್ಪಲಿ. ಎರಡು ಗಂಟೆ ಮುಂಚೆಯೇ ಊಟ ಮುಗಿಸಿ. ಉಂಗುರ, ಸರ, ಓಲೆ, ಕೈದಾರ ಬಿಚ್ಚಿಡಿ. ಜನಿವಾರ, ಉಡಿದಾರ ಬಿಚ್ಚುವುದಿಲ್ಲ ಅಂದರೆ ಬಟ್ಟೆಯ ಒಳಗೆ ಬಿಗಿಯಾಗಿ ಸೇರಿಸಿ. ಉಗುರು ಕತ್ತರಿಸಿಕೊಳ್ಳಿ. ಕಾಲಿನದ್ದೂ.